ತಿಪ್ಪಸಂದ್ರಕ್ಕೆ ಯಾವ ಸಮುದ್ರದ ಮಟ್ಟ?

ಬೊಮ್ಮಸಂದ್ರ, ಸಿಂಗಸಂದ್ರ, ಜಕ್ಕಸಂದ್ರ, ತಿಪ್ಪಸಂದ್ರ. ಬಸ್ ಬೋರ್ಡಿನಲ್ಲಿ ದಿನಾ ಓದುವ ಈ ಹೆಸರುಗಳ ಬಾಲದಲ್ಲಿರೋ 'ಸಂದ್ರ' ಬೇರೇನೂ ಅಲ್ಲ, ಸಮುದ್ರ. ಮಳೆ ನೀರಿಗೆ ಏರಿ ಕಟ್ಟಿ, ಕೆರೆ ಮಾಡಿ, ಅದನ್ನೇ ಸಮುದ್ರ ಅಂತ ಕರೆದರು. ಬಾಯಿಂದ ಬಾಯಿಗೆ ಸವೆದು ಅದು ಸಂದ್ರ ಆಯಿತು. ನಾವು ಇಲ್ಲಿ ಹೇಳ್ತಿರೋ ತಿಪ್ಪಸಂದ್ರ ಇಂದಿರಾನಗರದ ಪಕ್ಕದ ಹೊಸ ತಿಪ್ಪಸಂದ್ರ ಅಲ್ಲ. ಅಲ್ಲಿ ಪಿಜಿ ಹುಡುಕಿದ ಸೀನಿಯರ್‌ಗಳು ಕ್ಷಮಿಸಬೇಕು. ಇದು ಮಾಗಡಿ ತಾಲ್ಲೂಕಿನ ತಿಪ್ಪಸಂದ್ರ ಹೋಬಳಿ. ಮೊನ್ನೆ ಮೊನ್ನೆವರೆಗೂ ರಾಮನಗರ ಜಿಲ್ಲೆ, ಈಗ ಬೆಂಗಳೂರು ದಕ್ಷಿಣ ಜಿಲ್ಲೆ.

ಹೆಸರಲ್ಲೇ ಸಮುದ್ರ ಇಟ್ಟುಕೊಂಡ ಈ ಊರಿಗೆ ನಿಜವಾದ ಸಮುದ್ರ ಯಾವ ದಿಕ್ಕಿಗೆ ನೋಡಿದರೂ ಇನ್ನೂರು ಕಿಲೋಮೀಟರ್‌ಗಿಂತ ದೂರ. ಹತ್ತಿರದ ಕಡಲು ಪಶ್ಚಿಮಕ್ಕಿದೆ, ಅರಬ್ಬೀ ಸಮುದ್ರ. ಆದರೆ ಮಾಗಡಿ ಸೀಮೆಯ ಮಳೆ ನೀರು ಅರ್ಕಾವತಿಗೋ ಕಣ್ವಕ್ಕೋ ಶಿಂಷಾಕ್ಕೋ ಸೇರಿ, ಅಲ್ಲಿಂದ ಕಾವೇರಿ ಸೇರಿ ಪೂರ್ವಕ್ಕೆ, ಬಂಗಾಳ ಕೊಲ್ಲಿಗೆ ಹೋಗುತ್ತದೆ. ಹಾಗಾದರೆ ಈ ಊರಿನ ನಕ್ಷೆಯ ಮೇಲೆ 'ಸಮುದ್ರ ಮಟ್ಟದಿಂದ ಇಷ್ಟು ಮೀಟರ್' ಅಂತ ಬರೆದಿರುತ್ತದಲ್ಲ, ಅದು ಯಾವ ಸಮುದ್ರ? ಹತ್ತಿರ ಇರೋದಾ, ನೀರು ಹೋಗಿ ಸೇರೋದಾ?

ಇದು ಕ್ವಿಜ್ ಪ್ರಶ್ನೆ ಥರ ಕಾಣಬಹುದು. ಆದರೆ ಇದಕ್ಕೆ ದೇಶ ಸರಿಯಾದ ಉತ್ತರ ಕೊಡಬೇಕು, ಅದನ್ನು ಇಡೀ ಭೂಮಿಗೆ ಒಪ್ಪಿಗೆಯಾದ ಒಂದು ಸೊನ್ನೆಗೆ ಜೋಡಿಸಬೇಕು, ಜೋಡಿಸಿದ್ದನ್ನು ನಮ್ಮಂಥ ವಿದ್ಯಾರ್ಥಿಗಳಿಗೂ ಸಿಗುವ ಹಾಗೆ ಇಡಬೇಕು ಅನ್ನೋದು ನಮ್ಮ ವಾದ. ಸಿವಿಲ್‌ನವರಿಗೆ ಮಾತ್ರ ಸಂಬಂಧಪಟ್ಟದ್ದು ಅಂತ ಕಂಪ್ಯೂಟರ್ ಸೈನ್ಸ್‌ನವರು ಪುಟ ಮುಚ್ಚಬೇಡಿ, ನಿಮ್ಮ ಜೇಬಿನಲ್ಲಿರೋ ಫೋನಿಂದಲೇ ಶುರು ಮಾಡ್ತೀವಿ.

ಸರ್ವೆ ಪ್ರಾಕ್ಟೀಸಿಗೆ ಅಂತ ನಾವು ಆರು ಜನ ತಿಪ್ಪಸಂದ್ರದ ಕಡೆ ಹೋಗಿದ್ವಿ. ಕೆರೆ ಏರಿ ಮೇಲೆ ನಿಂತು ಎರಡು ಫೋನು ತೆಗೆದ್ವಿ, ಒಂದು ಐಫೋನ್, ಇನ್ನೊಂದು ಹಳೇ ಆಂಡ್ರಾಯ್ಡ್. ಎರಡರಲ್ಲೂ ಎತ್ತರ ತೋರಿಸುವ ಆ್ಯಪ್ ಇತ್ತು. ಎರಡು ಅಂಕಿಗಳ ನಡುವೆ ಎಂಬತ್ತಕ್ಕೂ ಹೆಚ್ಚು ಮೀಟರ್ ವ್ಯತ್ಯಾಸ! ಇಪ್ಪತ್ತೈದು ಮಹಡಿ ಕಟ್ಟಡದಷ್ಟು. ಪಕ್ಕದಲ್ಲಿ ಹಸು ಕಟ್ಟುತ್ತಿದ್ದ ಅಜ್ಜ ಒಬ್ಬರು 'ಯಾವ್ದು ನಿಜ?' ಅಂದ್ರು. ಎರಡೂ ನಿಜ ಅನ್ನೋದೇ ಇದರ ತಮಾಷೆ. ಉಪಗ್ರಹಗಳಿಗೆ ಸಮುದ್ರ ಗೊತ್ತಿಲ್ಲ. ಭೂಮಿಯ ಆಕಾರಕ್ಕೆ ಹತ್ತಿರವಾದ, ಗಣಿತದಲ್ಲಿ ನುಣುಪಾಗಿ ಬರೆದ ಒಂದು ಎಲಿಪ್ಸಾಯ್ಡ್ ಇದೆ, ಜಿಪಿಎಸ್ ಲೆಕ್ಕ ಕೊಡೋದು ಅದರ ಮೇಲಿನ ಎತ್ತರ. ಆಂಡ್ರಾಯ್ಡ್ ಮೊದಲಿಂದ ಅದನ್ನೇ ಹಾಗೇ ಕೊಡುತ್ತಿತ್ತು, ಸಮುದ್ರ ಮಟ್ಟದ ಎತ್ತರ ಕೊಡುವ ಪ್ರತ್ಯೇಕ ಸೌಲಭ್ಯ ಬಂದದ್ದು ಆಂಡ್ರಾಯ್ಡ್ 14ರಲ್ಲಿ. ಐಫೋನ್ ಒಳಗೇ ಒಂದು ತಿದ್ದುಪಡಿ ಮಾಡಿ ಸಮುದ್ರ ಮಟ್ಟದ ಎತ್ತರ ಅಂತ ತೋರಿಸುತ್ತದೆ. ಆ ತಿದ್ದುಪಡಿಯ ಹೆಸರೇ ಜಿಯಾಯ್ಡ್.

ಜಿಯಾಯ್ಡ್ ಅಂದರೆ ಗಾಳಿ, ಅಲೆ, ಪ್ರವಾಹ, ಬಿಸಿ-ತಂಪು ಏನೂ ಇಲ್ಲದೆ ಸಮುದ್ರ ಸುಮ್ಮನೆ ಗುರುತ್ವಕ್ಕೆ ಮಾತ್ರ ತಲೆಬಾಗಿ ನಿಂತಿದ್ದರೆ ಅದರ ಮೇಲ್ಮೈ ಹೇಗಿರುತ್ತಿತ್ತೋ ಅದು. ನೆಲದೊಳಗೂ ಕಾಲುವೆ ತೋಡಿ ಆ ನೀರನ್ನು ಮಾಗಡಿವರೆಗೆ ತಂದಿದ್ದರೆ ಎಲ್ಲಿ ನಿಲ್ಲುತ್ತಿತ್ತೋ ಅದು. ಅದು ನುಣುಪಾಗಿಲ್ಲ, ಭೂಮಿಯೊಳಗೆ ಎಲ್ಲಿ ದ್ರವ್ಯರಾಶಿ ಹೆಚ್ಚು, ಎಲ್ಲಿ ಕಡಿಮೆ ಅನ್ನೋದರ ಪ್ರಕಾರ ಉಬ್ಬುತಗ್ಗು. ಇಡೀ ಭೂಮಿಯಲ್ಲಿ ಅತಿ ದೊಡ್ಡ ತಗ್ಗು ಇರೋದು ನಮ್ಮ ಕಾಲ ಕೆಳಗೇ ಅನ್ನಬಹುದು. ಶ್ರೀಲಂಕಾದ ದಕ್ಷಿಣಕ್ಕೆ ಹಿಂದೂ ಮಹಾಸಾಗರದಲ್ಲಿ ಜಿಯಾಯ್ಡ್ ಎಲಿಪ್ಸಾಯ್ಡಿಗಿಂತ ಸುಮಾರು 106 ಮೀಟರ್ ಕೆಳಗಿದೆ. ಡಚ್ ವಿಜ್ಞಾನಿ ವೆನಿಂಗ್ ಮೈನೆಸ್ 1948ರಲ್ಲಿ ಗುರುತಿಸಿದ ಈ ತಗ್ಗಿಗೆ ಕಾರಣ ಏನು ಅಂತ 2023ರಲ್ಲಿ ಒಂದು ವಿವರಣೆ ಕೊಟ್ಟವರು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ದೇಬಾಂಜನ್ ಪಾಲ್ ಮತ್ತು ಅತ್ರೇಯೀ ಘೋಷ್. ಹಳೆಯ ಟೆಥಿಸ್ ಸಾಗರದ ತಳ ಮುಳುಗಿ, ಆಳದಲ್ಲಿ ಬಿಸಿ ದ್ರವ್ಯವನ್ನು ಕಲಕಿ ಮೇಲೆಬ್ಬಿಸಿದ್ದು ಕಾರಣ ಅನ್ನೋದು ಅವರ ಕಂಪ್ಯೂಟರ್ ಮಾದರಿಯ ಸಾರ. ಮೆಜೆಸ್ಟಿಕ್‌ನಿಂದ ಒಂದು ಬಸ್ ಹತ್ತಿದರೆ ಸಿಗುವ ಕ್ಯಾಂಪಸ್ಸಿನಲ್ಲಿ ಈ ಕೆಲಸ ಆಗಿದೆ, ನಮ್ಮ ಕಾಲೇಜಿನಲ್ಲಿ ಎಷ್ಟು ಜನಕ್ಕೆ ಗೊತ್ತು?

ಆ ತಗ್ಗಿನ ಇಳಿಜಾರಲ್ಲೇ ದಕ್ಷಿಣ ಭಾರತ ಕೂತಿದೆ. ವಿಜ್ಞಾನ ಸಂಸ್ಥೆಯ ಆವರಣದಲ್ಲಿ ವರ್ಷಗಟ್ಟಲೆಯಿಂದ ಉಪಗ್ರಹಗಳ ಸಂಕೇತ ಹಿಡಿಯುತ್ತಿರುವ ಒಂದು ಅಂತರರಾಷ್ಟ್ರೀಯ ನಿಲ್ದಾಣ ಇದೆ. ಎಲಿಪ್ಸಾಯ್ಡ್ ಮೇಲೆ ಅದರ ಎತ್ತರ ಸುಮಾರು 844 ಮೀಟರ್. ಸಮುದ್ರ ಮಟ್ಟದಿಂದ ಲೆಕ್ಕ ಹಾಕಿದರೆ ಅದೇ ಜಾಗ ಸುಮಾರು 930 ಮೀಟರ್. ನಡುವಿನ 86 ಮೀಟರ್ ಬೆಂಗಳೂರಿನಲ್ಲಿ ಜಿಯಾಯ್ಡಿನ ತಗ್ಗು. ತಿಪ್ಪಸಂದ್ರದ ಏರಿ ಮೇಲೆ ಎರಡು ಫೋನುಗಳು ಜಗಳ ಆಡಿದ್ದು ಇದಕ್ಕೇ.

ಇದು ಫೋನಿಗೆ ಮುಗಿಯುವ ವಿಷಯ ಆಗಿದ್ದರೆ ನಾವು ಬರೆಯುತ್ತಿರಲಿಲ್ಲ. ಪ್ರಾಜೆಕ್ಟಿಗೆ ಅಂತ ನಾವೆಲ್ಲ ಪುಕ್ಕಟೆ ಇಳಿಸಿಕೊಳ್ಳುವ ನೆಲದ ಎತ್ತರದ ಕಡತಗಳನ್ನೇ ನೋಡಿ. ಅಮೆರಿಕದ ಶಟಲ್ ರೇಡಾರ್ ಮಾಡಿದ್ದು 1996ರ ಜಿಯಾಯ್ಡ್ ಮಾದರಿಯ ಮೇಲೆ. ಯುರೋಪಿನ ಕೋಪರ್ನಿಕಸ್ ಮಾಡಿದ್ದು 2008ರ ಮಾದರಿಯ ಮೇಲೆ. ನಮ್ಮ ಇಸ್ರೋದ ಕಾರ್ಟೊಸ್ಯಾಟ್ ಕಡತ ನೇರವಾಗಿ ಎಲಿಪ್ಸಾಯ್ಡ್ ಮೇಲೆ. ಮೂರನ್ನೂ ಒಂದೇ ನಕ್ಷೆಯಲ್ಲಿ ಸುರಿದು 'ಪ್ರವಾಹದ ಮಾದರಿ' ಅಂತ ಬಣ್ಣ ಬಳಿದರೆ ಮಾಗಡಿ ಬೆಟ್ಟದ ಮೇಲೂ ನೀರು ನಿಲ್ಲುತ್ತದೆ! 86 ಮೀಟರ್ ತಪ್ಪು ಕಣ್ಣಿಗೆ ಹೊಡೆಯುತ್ತದೆ, ಹಾಗಾಗಿ ಸಿಕ್ಕಿಬೀಳುತ್ತದೆ. ಅಪಾಯ ಇರೋದು ಅರ್ಧ ಮೀಟರಿನ ತಪ್ಪಿನಲ್ಲಿ. ಅದು ಯಾರಿಗೂ ಕಾಣದೆ ವರದಿಯೊಳಗೆ ಕೂತಿರುತ್ತದೆ. ಆ ಅರ್ಧ ಮೀಟರ್ ಎಲ್ಲಿಂದ ಬರುತ್ತದೆ ಅನ್ನೋದಕ್ಕೆ ಸ್ವಲ್ಪ ಹಿಂದಕ್ಕೆ ಹೋಗಬೇಕು.

ಭಾರತದ ಎತ್ತರಗಳ ಸೊನ್ನೆ ಇನ್ನೂ ಬಹುಪಾಲು ಬ್ರಿಟಿಷರ ಕಾಲದ್ದು. ಹತ್ತೊಂಬತ್ತನೇ ಶತಮಾನದ ಕೊನೆಯಲ್ಲಿ ಸರ್ವೆ ಆಫ್ ಇಂಡಿಯಾ ಒಂಬತ್ತು ಬಂದರುಗಳಲ್ಲಿ ಸಮುದ್ರದ ಉಬ್ಬರವಿಳಿತ ಅಳೆಯಿತು. ಕರಾಚಿ, ಮುಂಬೈ, ಕಾರವಾರ, ಬೇಪೂರ್, ಕೊಚ್ಚಿ, ನಾಗಪಟ್ಟಣ, ಮದ್ರಾಸ್, ವಿಶಾಖಪಟ್ಟಣ, ಒಡಿಶಾದ ಫಾಲ್ಸ್ ಪಾಯಿಂಟ್. ಹೌದು, ನಮ್ಮ ಕಾರವಾರವೂ ಅದರಲ್ಲಿದೆ. ಪ್ರತಿ ಬಂದರಿನಲ್ಲೂ ಸರಾಸರಿ ಮಟ್ಟ ತೆಗೆದು, 'ಇದು ಸೊನ್ನೆ' ಅಂದರು. ಒಳನಾಡಿಗೆ ಲೆವೆಲಿಂಗ್ ಮಾಡುತ್ತಾ ಬಂದು, ಕಲ್ಲುಗಳ ಮೇಲೆ ಬೆಂಚ್‌ಮಾರ್ಕ್ ಕೆತ್ತಿ, 1909ರಲ್ಲಿ ಇಡೀ ಜಾಲವನ್ನು ಒಟ್ಟಿಗೆ ಸರಿಹೊಂದಿಸಿದರು. ಆಗ ಒಂಬತ್ತೂ ಬಂದರುಗಳನ್ನು ಬಲವಂತವಾಗಿ ಸೊನ್ನೆಯಲ್ಲೇ ಹಿಡಿದರು. ನಮ್ಮ ಆಕ್ಷೇಪ ಇರೋದು ಇಲ್ಲೇ. ಕಾರವಾರದ ಸಮುದ್ರವೂ ಮದ್ರಾಸಿನ ಸಮುದ್ರವೂ ಒಂದೇ ಮಟ್ಟದಲ್ಲಿಲ್ಲ. ಗಂಗೆ, ಬ್ರಹ್ಮಪುತ್ರ, ಮಹಾನದಿ, ಗೋದಾವರಿಗಳು ಸುರಿಯುವ ಸಿಹಿನೀರಿನಿಂದ ಬಂಗಾಳ ಕೊಲ್ಲಿ ಹಗುರ. ಹಗುರ ನೀರು ಸ್ವಲ್ಪ ಮೇಲೆ ನಿಲ್ಲುತ್ತದೆ. ಅರಬ್ಬೀ ಸಮುದ್ರ ಉಪ್ಪು ಹೆಚ್ಚಿನ, ಭಾರದ ನೀರು. ಎರಡರ ನಡುವೆ ಕೆಲವು ಹತ್ತು ಸೆಂಟಿಮೀಟರ್ ವ್ಯತ್ಯಾಸ ಇದೆ. ಅಂದರೆ ಒಂದು ಕಡೆ ಸೊನ್ನೆ ಎತ್ತರದಲ್ಲಿದೆ, ಇನ್ನೊಂದು ಕಡೆ ತಗ್ಗಿನಲ್ಲಿ. ಎರಡನ್ನೂ ಸೊನ್ನೆ ಅಂದುಬಿಟ್ಟರೆ ಆ ವ್ಯತ್ಯಾಸ ಎಲ್ಲೂ ಮಾಯವಾಗಲ್ಲ, ಒಳನಾಡಿನ ಬೆಂಚ್‌ಮಾರ್ಕ್‌ಗಳ ಮೇಲೆ ಹಂಚಿಹೋಗುತ್ತದೆ. ಎರಡೂ ಕಡಲಿನ ಮಧ್ಯೆ ಕೂತಿರುವ ಹಳೇ ಮೈಸೂರು ಸೀಮೆಗೂ ಅದರಲ್ಲಿ ಪಾಲಿದೆ.

ಎರಡನೇ ದೋಷ ಗುರುತ್ವದ್ದು. 1909ರ ಲೆಕ್ಕದಲ್ಲಿ ಆ ಜಾಗದಲ್ಲಿ ಅಳೆದ ಗುರುತ್ವ ಬಳಸಲಿಲ್ಲ, ಅಕ್ಷಾಂಶ ಹಾಕಿದರೆ ಸೂತ್ರದಿಂದ ಬರುವ ಗುರುತ್ವ ಬಳಸಿದರು. ಅಳೆದವರು ಇರಲಿಲ್ಲ ಅಂತಲ್ಲ. ಕ್ಯಾಪ್ಟನ್ ಜೇಮ್ಸ್ ಬಸೇವಿ ಅನ್ನೋ ಅಧಿಕಾರಿ 1865ರಿಂದ ಲೋಲಕಗಳನ್ನು ಹೊತ್ತುಕೊಂಡು ಕನ್ಯಾಕುಮಾರಿ ಕಡೆಯಿಂದ ಹಿಮಾಲಯದವರೆಗೆ ತೂಗಾಡಿಸುತ್ತಾ ಹೋದ, ಬೆಂಗಳೂರಿನ ಎರಡು ತಾಣಗಳಲ್ಲೂ ತೂಗಾಡಿಸಿದ. 1871ರ ಜುಲೈನಲ್ಲಿ ಲಡಾಖಿನ ಎತ್ತರದಲ್ಲಿ ಅದೇ ಕೆಲಸದಲ್ಲಿ ಇರುವಾಗ ತೀರಿಕೊಂಡ. ನಮ್ಮ ಫಿಸಿಕ್ಸ್ ಲ್ಯಾಬಿನಲ್ಲಿ ಲೋಲಕದ ಪ್ರಯೋಗ ಮಾಡಿ, ಗುರುತ್ವ 9.8 ಬರುವ ಹಾಗೆ ರೀಡಿಂಗ್ ತಿದ್ದೋರು ಇದನ್ನು ಒಮ್ಮೆ ನೆನೆಯಬೇಕು.

ಅಳೆದ ಗುರುತ್ವ ಯಾಕೆ ಬೇಕು? ಯಾಕೆಂದರೆ ನೀರಿಗೆ ಮೀಟರ್ ಗೊತ್ತಿಲ್ಲ. ಮೇಸ್ತ್ರಿಗಳು ಗೋಡೆ ಕಟ್ಟುವಾಗ ಪಾರದರ್ಶಕ ಪೈಪಿನಲ್ಲಿ ನೀರು ತುಂಬಿ ಎರಡು ತುದಿ ಎರಡು ಮೂಲೆಗೆ ಹಿಡಿಯೋದು ನೋಡಿದ್ದೀರಲ್ಲ. ಸ್ಪಿರಿಟ್ ಲೆವೆಲ್‌ಗೆ ಅವರು ಹೇಳುವ ಹೆಸರು ರಸಮಟ್ಟ. (ಇಂಗ್ಲಿಷ್ ಮೀಡಿಯಂನಲ್ಲಿ ಓದಿಬಂದ ನಮಗೆ ಈ ಪದ ಸಿಕ್ಕಿದ್ದು ಯಾವ ಪುಸ್ತಕದಲ್ಲೂ ಅಲ್ಲ, ಹಾಸ್ಟೆಲ್ ಹಿಂದೆ ಕಟ್ಟಡ ಕಟ್ಟುತ್ತಿದ್ದವರ ಬಾಯಲ್ಲಿ.) ಆ ಪೈಪಿನ ನೀರು ಎರಡೂ ಕಡೆ ನಿಲ್ಲುವುದು ಒಂದೇ ಪೊಟೆನ್ಷಿಯಲ್‌ನಲ್ಲಿ, ಕನ್ನಡದಲ್ಲಿ ಹೇಳಬೇಕಾದರೆ ಒಂದೇ ವಿಭವದಲ್ಲಿ. ಹತ್ತಡಿ ಗೋಡೆಗೆ ಒಂದೇ ವಿಭವ, ಒಂದೇ ಎತ್ತರ ಎರಡೂ ಒಂದೇ. ಪೈಪು ಉದ್ದವಾದರೆ ಒಂದಾಗಿ ಉಳಿಯಲ್ಲ.

ಒಂದು ಲೆಕ್ಕ ಹಾಕಿ ನೋಡೋಣ. ಬೆಂಗಳೂರಿನಲ್ಲಿ ಸಮುದ್ರ ಮಟ್ಟದಿಂದ 900 ಮೀಟರ್ ಮೇಲೆ ಒಂದು ಕೆರೆ ಇದೆ, ಅದು ಒಂದು ಚೂರೂ ಹರಿಯದೆ ದೆಹಲಿಯ ಆಕಾಶದವರೆಗೆ ಚಾಚಿಕೊಂಡಿದೆ ಅಂದುಕೊಳ್ಳಿ. ಬೆಂಗಳೂರಿನಲ್ಲಿ ಗುರುತ್ವ ಸುಮಾರು 9.780, ದೆಹಲಿಯಲ್ಲಿ ಸುಮಾರು 9.791. ಬೆಂಗಳೂರಿನಲ್ಲಿ ಒಂದು ಕಿಲೋ ನೀರನ್ನು 900 ಮೀಟರ್ ಎತ್ತಲು ಬೇಕಾದ ಶಕ್ತಿ 8802 ಜೌಲ್. ಅಷ್ಟೇ ಶಕ್ತಿಗೆ ದೆಹಲಿಯಲ್ಲಿ ನೀರು ಏರುವುದು 899 ಮೀಟರ್ ಮಾತ್ರ. ಅಂದರೆ ಅಲ್ಲಾಡದೆ ನಿಂತ ಒಂದೇ ಕೆರೆಯ ಎರಡು ದಡಗಳ ಎತ್ತರದಲ್ಲಿ ಒಂದು ಮೀಟರ್ ವ್ಯತ್ಯಾಸ! ಹಾಗಾಗಿ ನೀರು ಎತ್ತರದಿಂದ ತಗ್ಗಿಗೆ ಹರಿಯುತ್ತದೆ ಅನ್ನೋ ಒಂದನೇ ಕ್ಲಾಸಿನ ಪಾಠವನ್ನು ಸ್ವಲ್ಪ ತಿದ್ದಬೇಕು. ನೀರು ಹೆಚ್ಚು ವಿಭವದಿಂದ ಕಡಿಮೆ ವಿಭವಕ್ಕೆ ಹರಿಯುತ್ತದೆ. ಏತ ನೀರಾವರಿಯ ಕರೆಂಟ್ ಬಿಲ್ಲೂ ಮೀಟರಿನಲ್ಲಿ ಬರಲ್ಲ, ಜೌಲಿನಲ್ಲಿ ಬರುತ್ತದೆ.

ಇದಕ್ಕೇ ಜಗತ್ತು ಒಂದು ಹೊಸ ಸೊನ್ನೆಗೆ ಒಪ್ಪಿದ್ದು. 2015ರಲ್ಲಿ ಪ್ರಾಗ್ ನಗರದಲ್ಲಿ ಸೇರಿದ್ದ ಅಂತರರಾಷ್ಟ್ರೀಯ ಜಿಯೋಡೆಸಿ ಸಂಘ, ಎತ್ತರದ ಸೊನ್ನೆ ಯಾವ ಬಂದರಿನ ಕಂಬವೂ ಅಲ್ಲ, ಒಂದು ಸಮವಿಭವ ಮೇಲ್ಮೈ ಅಂತ ನಿರ್ಣಯ ಮಾಡಿತು. ಅದರ ಬೆಲೆ 62636853.4, ಏಕಮಾನ ಮೀಟರ್ ವರ್ಗ ಭಾಗಿಸು ಸೆಕೆಂಡ್ ವರ್ಗ, ಅಂದರೆ ಕಿಲೋಗೆ ಇಷ್ಟು ಜೌಲ್. ಈ ಮೇಲ್ಮೈಗೆ ಕಾರವಾರ ಗೊತ್ತಿಲ್ಲ, ಮದ್ರಾಸ್ ಗೊತ್ತಿಲ್ಲ, ಲಂಡನ್ನೂ ಗೊತ್ತಿಲ್ಲ. ಯಾವ ಜಾಗದ ವಿಭವ ಈ ಬೆಲೆಗಿಂತ ಎಷ್ಟು ಕಡಿಮೆಯೋ ಅದೇ ಆ ಜಾಗದ ನಿಜವಾದ ಎತ್ತರದ ಅಂಕಿ, ಬೇಕಾದರೆ ಆಮೇಲೆ ಮೀಟರಿಗೆ ಬದಲಿಸಿಕೊಳ್ಳಬಹುದು. 2020ರ ಡಿಸೆಂಬರ್ 8ರಂದು ನೇಪಾಳ ಮತ್ತು ಚೀನಾ ಒಟ್ಟಿಗೆ ಘೋಷಿಸಿದ ಎವರೆಸ್ಟ್ ಎತ್ತರ 8848.86 ಮೀಟರ್ ಈ ಹೊಸ ಪದ್ಧತಿಗೆ ಜೋಡಿಸಿ ಬಂದದ್ದು. ಆವರೆಗೆ ಎರಡೂ ದೇಶದವರು ಬೇರೆ ಬೇರೆ ಎತ್ತರ ಹೇಳುತ್ತಿದ್ದರು.

ಜೋಡಿಸದಿದ್ದರೆ ಏನಾಗುತ್ತದೆ ಅನ್ನೋದಕ್ಕೆ ಜರ್ಮನಿ-ಸ್ವಿಟ್ಜರ್‌ಲೆಂಡ್ ಗಡಿಯ ಲೌಫೆನ್‌ಬರ್ಗ್ ಸೇತುವೆಯ ಕತೆ ಇಂಟರ್ನೆಟ್ಟಿನಲ್ಲಿ ಸಾಕಷ್ಟು ಓಡಾಡಿದೆ. ಒಬ್ಬರ ಸೊನ್ನೆ ಉತ್ತರ ಸಮುದ್ರ, ಇನ್ನೊಬ್ಬರದ್ದು ಮೆಡಿಟರೇನಿಯನ್, 27 ಸೆಂಟಿಮೀಟರ್ ವ್ಯತ್ಯಾಸ. ಅದು ಇಬ್ಬರಿಗೂ ಗೊತ್ತಿತ್ತು. ಆದರೆ ತಿದ್ದುವಾಗ ಕೂಡುವ ಕಡೆ ಕಳೆದು 54 ಸೆಂಟಿಮೀಟರ್ ಮಾಡಿಕೊಂಡರು. ನಗಬಹುದು. ಆದರೆ ಅವರ ನಡುವೆ ಇದ್ದದ್ದು ಒಂದು ಸೇತುವೆ, ನಮ್ಮ ರಾಜ್ಯಗಳ ನಡುವೆ ಇರೋದು ನೀರು.

ಆಲಮಟ್ಟಿ ನೋಡಿ. ಈಗ ನೀರು ನಿಲ್ಲಿಸುವ ಮಟ್ಟ 519.60 ಮೀಟರ್, ಕೃಷ್ಣಾ ನ್ಯಾಯಮಂಡಳಿ 2010ರಲ್ಲಿ ಒಪ್ಪಿದ ಮಟ್ಟ 524.256 ಮೀಟರ್. ಟಿವಿ ಚರ್ಚೆಗಳಲ್ಲಿ ಈ ಅಂಕಿಯನ್ನು ಮಿಲಿಮೀಟರ್ ಸಮೇತ ಹೇಳುವಾಗ ಏನೋ ಭಾರೀ ನಿಖರತೆ ಅನ್ನಿಸುತ್ತದೆ. ಕ್ಯಾಲ್ಕುಲೇಟರ್ ತೆಗೆದು 0.3048ರಿಂದ ಭಾಗಿಸಿ, ಸರಿಯಾಗಿ 1720 ಅಡಿ. ಮಿಲಿಮೀಟರ್ ಬಂದದ್ದು ಅಳತೆಯಿಂದಲ್ಲ, ಅಡಿಯನ್ನು ಮೀಟರ್ ಮಾಡಿದ್ದರಿಂದ. ಆಲಮಟ್ಟಿಯಲ್ಲಿ ನೀರು ಏರಿದರೆ ಸಾಂಗ್ಲಿ, ಕೊಲ್ಹಾಪುರ ಮುಳುಗುತ್ತದೆ ಅಂತ ಮಹಾರಾಷ್ಟ್ರ, ಇಲ್ಲ ಅಂತ ನಾವು. ನಾವು ಯಾರ ಪರ ಅನ್ನೋದನ್ನು ಕನ್ನಡ ಸಂಘದ ಪತ್ರಿಕೆಯಲ್ಲಿ ಬಿಡಿಸಿ ಹೇಳಬೇಕಾಗಿಲ್ಲ. ಆದರೆ ಈ ವಾದ ಕಂಪ್ಯೂಟರ್ ಮಾದರಿಗಳ ಮೇಲೆ ನಡೆಯಬೇಕಾದರೆ, ನದಿಯ ಆ ತುದಿಯ ಎತ್ತರವೂ ಈ ತುದಿಯ ಎತ್ತರವೂ ಒಂದೇ ಸೊನ್ನೆಯಿಂದ ಇರಬೇಕು, ಆ ಸೊನ್ನೆಯನ್ನು ಎರಡೂ ರಾಜ್ಯದ ವಿದ್ಯಾರ್ಥಿಗಳೂ ಪರೀಕ್ಷಿಸಿ ನೋಡುವ ಹಾಗಿರಬೇಕು. ಇಲ್ಲದಿದ್ದರೆ ನಮ್ಮ ಕಡೆಯ ನ್ಯಾಯವನ್ನೂ ಕೂಗಿ ಹೇಳಬೇಕಾಗುತ್ತದೆಯೇ ಹೊರತು ತೋರಿಸಲು ಆಗಲ್ಲ.

ಮಳೆಗಾಲದಲ್ಲಿ ಪತ್ರಿಕೆಗಳು ಹಾಕುವ ಜಲಾಶಯಗಳ ಪಟ್ಟಿಯೂ ಸ್ವಾರಸ್ಯದ್ದೇ. ಕೆಆರ್‌ಎಸ್ ಗರಿಷ್ಠ 124.80 ಅಡಿ, ಕಬಿನಿ 2284 ಅಡಿ, ಹೇಮಾವತಿ 2922 ಅಡಿ. ಒಂದೇ ಪಟ್ಟಿ, ಎರಡು ಥರದ ಸೊನ್ನೆ. ಕೆಆರ್‌ಎಸ್‌ನದ್ದು ಅಣೆಕಟ್ಟಿನ ಬುಡದಿಂದ, ಉಳಿದವು ಸಮುದ್ರ ಮಟ್ಟದಿಂದ. ಯಾರಿಗೂ ಗೊಂದಲ ಆಗಿಲ್ಲ, ಯಾಕೆಂದರೆ ಆ ಅಂಕಿಗಳನ್ನು ಒಂದರಿಂದ ಒಂದು ಕಳೆಯುವ ಸಂದರ್ಭ ಬರೋದಿಲ್ಲ.

ಮಾಗಡಿಯಲ್ಲಿ ಕಳೆಯುವ ಸಂದರ್ಭ ಬಂದಿದೆ. ಹೇಮಾವತಿ ನೀರನ್ನು ಈ ತಾಲ್ಲೂಕಿನ ಕೆರೆಗಳಿಗೆ ತುಂಬಿಸುವ ಶ್ರೀರಂಗ ಏತ ನೀರಾವರಿ ಯೋಜನೆ, ಕುಣಿಗಲ್ ಮತ್ತು ಮಾಗಡಿಗೆ ನೀರು ತರುವ ಎಕ್ಸ್‌ಪ್ರೆಸ್ ಕೆನಾಲ್, ಅದಕ್ಕೆ ತುಮಕೂರು ಜಿಲ್ಲೆಯ ರೈತರ ವಿರೋಧ, ಇವೆಲ್ಲ ನಮ್ಮ ಮನೆಗಳಲ್ಲಿ ಊಟದ ಹೊತ್ತಿನ ಮಾತು. ಎರಡೂ ಕಡೆ ಇರೋರು ರೈತರೇ. ಯಾರಿಗೆ ಎಷ್ಟು ನೀರು ಅನ್ನೋದು ರಾಜಕೀಯ, ಅದನ್ನು ಜಿಯಾಯ್ಡ್ ತೀರ್ಮಾನ ಮಾಡಲ್ಲ. ಆದರೆ ಗುರುತ್ವದಿಂದಲೇ ಎಷ್ಟು ದೂರ ಹರಿಯುತ್ತದೆ, ಎಲ್ಲಿಂದ ಪಂಪ್ ಬೇಕು, ಮೇಲಿನ ತೂಬಿಗೆ ನೀರು ಏರುತ್ತಾ ಇಲ್ವಾ ಅನ್ನೋ ಪ್ರಶ್ನೆಗಳಿಗೆ ಸರಿಯಾದ ಒಂದೇ ಉತ್ತರ ಇರುತ್ತದೆ. ಆ ಉತ್ತರ ಎತ್ತರದ ಅಂಕಿಯಲ್ಲಿ ಇದೆ.

ಇಲ್ಲಿ ಒಂದು ಅಂದಾಜು. ಜಿಯಾಯ್ಡಿನ ತಗ್ಗು ಬೆಂಗಳೂರಿನಲ್ಲಿ 86 ಮೀಟರ್, ದೆಹಲಿಯಲ್ಲಿ 50ಕ್ಕಿಂತ ಸ್ವಲ್ಪ ಹೆಚ್ಚು. 1700 ಕಿಲೋಮೀಟರಿಗೆ ಮೂವತ್ತು ಚಿಲ್ಲರೆ ಮೀಟರ್, ಸರಾಸರಿ ಕಿಲೋಮೀಟರಿಗೆ 2 ಸೆಂಟಿಮೀಟರ್ ಇಳಿಜಾರು. ದೊಡ್ಡ ಕಾಲುವೆಗೆ ಇಂಜಿನಿಯರ್‌ಗಳು ಕೊಡುವ ಇಳಿಜಾರೇ ಹಲವು ಕಡೆ ಕಿಲೋಮೀಟರಿಗೆ 10ರಿಂದ 20 ಸೆಂಟಿಮೀಟರ್. ಬರೀ ಜಿಪಿಎಸ್ ಎತ್ತರ ಹಿಡಿದು ಕಾಲುವೆ ಎಳೆದರೆ ಆ ಇಳಿಜಾರಿನ ಹತ್ತರಲ್ಲಿ ಒಂದು ಪಾಲೋ ಐದರಲ್ಲಿ ಒಂದು ಪಾಲೋ ಕಾಗದದ ಮೇಲೇ ಸುಳ್ಳಾಗಿರುತ್ತದೆ.

'ಅಷ್ಟೆಲ್ಲ ಯಾಕೆ, ಹತ್ತಿರದ ಬೆಂಚ್‌ಮಾರ್ಕ್ ಹಿಡಿದು ಲೆವೆಲಿಂಗ್ ಮಾಡಿದರಾಯ್ತು' ಅಂತ ಸೀನಿಯರ್ ಒಬ್ಬರು ನಮ್ಮ ಜೊತೆ ವಾದ ಮಾಡಿದ್ರು. ಅವರ ಮಾತಲ್ಲಿ ಹುರುಳಿದೆ. ಒಂದು ಕೆರೆ, ಒಂದು ಕೋಡಿ, ಒಂದು ರಾಜಕಾಲುವೆ ಮಟ್ಟಿಗೆ ಹತ್ತಿರದ ಕಲ್ಲೇ ಸಾಕು. ಹಿಂದೆ ಕೆರೆ ತೂಬು ಕಾಯುತ್ತಿದ್ದ ನೀರುಗಂಟಿಗೆ ಸಮುದ್ರ ಮಟ್ಟದ ಅಂಕಿಯೇ ಬೇಕಿರಲಿಲ್ಲ. ಮೇಲಿನ ಕೆರೆ ಕೋಡಿ ಬಿದ್ದರೆ ಕೆಳಗಿನ ಕೆರೆಗೆ ನೀರು, ಅಷ್ಟು ಗೊತ್ತಿದ್ದರೆ ಸಾಕಿತ್ತು. ಆದರೆ ಎರಡು ವಿಷಯ. ಮೊದಲನೆಯದು, ಆ ಕಲ್ಲುಗಳು ಎಲ್ಲಿವೆ? ರಸ್ತೆ ಅಗಲ ಮಾಡುವಾಗ ಜೆಸಿಬಿಗೆ ಬೆಂಚ್‌ಮಾರ್ಕ್ ಕಲ್ಲೂ ಒಂದೇ, ಬರೀ ಕಲ್ಲೂ ಒಂದೇ. ಎರಡನೆಯದು, ಅಳತೆಯ ರೀತಿಯೇ ಬದಲಾಗಿದೆ. ಕರ್ನಾಟಕದ ಡ್ರೋನ್ ಮರುಸರ್ವೆಗೆ ಮೊದಲು ಆಯ್ದುಕೊಂಡ ಜಿಲ್ಲೆಗಳಲ್ಲಿ ರಾಮನಗರವೂ ಒಂದು. ಸರ್ವೆ ಆಫ್ ಇಂಡಿಯಾ ದೇಶದಲ್ಲಿ ಸಾವಿರಕ್ಕೂ ಹೆಚ್ಚು ಶಾಶ್ವತ ಜಿಪಿಎಸ್ ನಿಲ್ದಾಣಗಳನ್ನು ನಿಲ್ಲಿಸಿದೆ, ಅವು ಮೊದಲು ಬಂದ ರಾಜ್ಯಗಳಲ್ಲಿ ನಮ್ಮದೂ ಇದೆ. ಅದರಿಂದ ಸಿಗುವ ಎತ್ತರ ಕೆಲವೇ ಸೆಂಟಿಮೀಟರ್ ನಿಖರ, ಆದರೆ ಎಲಿಪ್ಸಾಯ್ಡ್ ಮೇಲಿನದ್ದು. ಅದನ್ನು ನೀರಿಗೆ ಅರ್ಥವಾಗುವ ಎತ್ತರ ಮಾಡಲು ಅಷ್ಟೇ ನಿಖರವಾದ ಜಿಯಾಯ್ಡ್ ಬೇಕು. ಈಗ ನಮ್ಮ ಕೈಗೆ ಸುಲಭವಾಗಿ ಸಿಗೋದು 2008ರ ಜಾಗತಿಕ ಮಾದರಿ. ಅದು ಸುಮಾರು ಒಂಬತ್ತು ಕಿಲೋಮೀಟರಿಗಿಂತ ಸಣ್ಣದನ್ನು ಕಾಣಲಾರದು. ಸಾವನದುರ್ಗದಂಥ 1226 ಮೀಟರಿನ ಒಂಟಿ ಕಲ್ಲುಬೆಟ್ಟ ಪಕ್ಕದ ಗುರುತ್ವವನ್ನು ಹೇಗೆ ಎಳೆಯುತ್ತದೆ ಅನ್ನೋದು ಅದರ ಕಣ್ಣಿಗೆ ಬೀಳಲ್ಲ. ಒಂದು ರೂಪಾಯಿಯನ್ನು ಪೈಸೆವರೆಗೂ ಎಣಿಸಿ, ಆಮೇಲೆ ಅಂದಾಜಿಗೆ ಚಿಲ್ಲರೆ ಕಳೆದ ಹಾಗೆ.

ಅಧಿಕಾರಿಗಳು ಸುಮ್ಮನೆ ಕೂತಿಲ್ಲ, ಅದನ್ನೂ ಹೇಳಬೇಕು. ಅಳೆದ ಗುರುತ್ವವನ್ನು ಲೆಕ್ಕಕ್ಕೆ ತೆಗೆದುಕೊಂಡ 2009ರ ಹೆಸರಿನ ಹೊಸ ಭಾರತೀಯ ಎತ್ತರ ಆಧಾರ ಬಂದಿದೆ. 2022ರ ಡಿಸೆಂಬರಿನ ರಾಷ್ಟ್ರೀಯ ಭೂಪ್ರಾದೇಶಿಕ ನೀತಿ, ದೇಶದ ಜಿಯೋಡೆಟಿಕ್ ಚೌಕಟ್ಟನ್ನು 2025ರೊಳಗೆ ಆಧುನಿಕ ತಂತ್ರಜ್ಞಾನದಿಂದ ಮರುವ್ಯಾಖ್ಯಾನಿಸಿ ಆನ್‌ಲೈನ್‌ನಲ್ಲಿ ಕೊಡುವ ಗುರಿ ಬರೆದುಕೊಂಡಿತ್ತು. ಅದಕ್ಕೂ ಮೊದಲು, 2021ರ ಫೆಬ್ರವರಿಯ ಮಾರ್ಗಸೂಚಿ ನಕ್ಷೆಗಳ ಮೇಲಿನ ಹಳೆಯ ಬಿಗಿ ಸಡಿಲಿಸಿತು. ಭಾರತೀಯರು ಅನುಮತಿಗೆ ಕಾಯದೆ ಅಳೆಯಬಹುದು, ನಕ್ಷೆ ಮಾಡಬಹುದು. ಗುರುತ್ವದ ದತ್ತಾಂಶಕ್ಕೆ ಮಾತ್ರ ಅದರಲ್ಲೂ 1 ಮಿಲಿಗ್ಯಾಲ್ ಅನ್ನೋ ಒಂದು ಮಿತಿ ಇದೆ, ಅದಕ್ಕಿಂತ ನಿಖರವಾದದ್ದು ಭಾರತೀಯ ಸಂಸ್ಥೆಗಳ ಕೈಯಲ್ಲೇ ಇರಬೇಕು. ಗುರುತ್ವ ಯಾಕೆ ರಹಸ್ಯ ಅಂದರೆ ಕ್ಷಿಪಣಿಗಳ ದಾರಿಗೂ ಅದೇ ಬೇಕು. ಸರಿ, ದೇಶದ ಭದ್ರತೆ ಅರ್ಥವಾಗುತ್ತದೆ. ಆದರೆ ಜಿಯಾಯ್ಡ್ ಅಂದರೆ ಆ ಗುರುತ್ವದಿಂದ ಲೆಕ್ಕ ಹಾಕಿ ತೆಗೆದ ಫಲಿತಾಂಶ. ಕಚ್ಚಾ ಅಳತೆ ಪೆಟ್ಟಿಗೆಯಲ್ಲೇ ಇರಲಿ, ಫಲಿತಾಂಶ ಹೊರಗೆ ಬರಲಿ. ಹಿಟ್ಟಿನ ಗಿರಣಿ ತೋರಿಸದಿದ್ದರೂ ಪರವಾಗಿಲ್ಲ, ಮುದ್ದೆ ಕೊಡಿ.

ಜಾಗತಿಕ ಸೊನ್ನೆಗೆ ಜೋಡಿಸೋದು ಅಂದ ತಕ್ಷಣ ಸಂಘದ ಸಭೆಯಲ್ಲಿ ಒಂದು ಪ್ರಶ್ನೆ ಎದ್ದಿತು. ನಮ್ಮದೇ ಸೊನ್ನೆ ಬಿಟ್ಟು ಹೊರಗಿನವರ ಸೊನ್ನೆ ಯಾಕೆ? ಎಲ್ಲದಕ್ಕೂ ಸ್ಥಳೀಯ ಬೇಕು ಅನ್ನೋ ನಮ್ಮ ಸಂಘದಲ್ಲಿ ಈ ಪ್ರಶ್ನೆ ಬರಲೇಬೇಕು. ಆದರೆ ನಮ್ಮದು ಅಂದುಕೊಂಡ ಸೊನ್ನೆ ವಸಾಹತು ಕಾಲದ ಬಂದರು ಕಚೇರಿಗಳಲ್ಲಿ ಹುಟ್ಟಿದ್ದು, ಅದರ ಒಂಬತ್ತು ಕಂಬಗಳಲ್ಲಿ ಒಂದು ಈಗ ಪಾಕಿಸ್ತಾನದಲ್ಲಿದೆ. ಅದು ಅಳೆದ ಸಮುದ್ರವೂ ಈಗ ಅಲ್ಲಿಲ್ಲ, 1901ರಿಂದ 2018ರವರೆಗೆ ಜಗತ್ತಿನ ಸಮುದ್ರ ಸರಾಸರಿ 20 ಸೆಂಟಿಮೀಟರ್ ಏರಿದೆ. ಹೊಸ ಮೇಲ್ಮೈ ಯಾವ ದೇಶದ್ದೂ ಅಲ್ಲ, ಅದು ಭೂಮಿಯ ಗುರುತ್ವದ್ದು. ಮತ್ತೆ, ಜೋಡಿಸೋದು ಅಂದರೆ ಹಳೇ ಅಂಕಿಗಳನ್ನು ಅಳಿಸೋದಲ್ಲ. ಉಳಿದಿರುವ ಬೆಂಚ್‌ಮಾರ್ಕ್‌ಗಳ ಮೇಲೆ ಜಿಪಿಎಸ್ ಇಟ್ಟು ಎಲಿಪ್ಸಾಯ್ಡ್ ಎತ್ತರ ತೆಗೆಯುತ್ತಾರೆ. ಅದರಿಂದ ಜಿಯಾಯ್ಡ್ ಕಳೆಯುತ್ತಾರೆ, ಕಲ್ಲಿನ ಮೇಲೆ ಬರೆದ ಎತ್ತರವನ್ನೂ ಕಳೆಯುತ್ತಾರೆ. ಉಳಿಯುವ ಚೂರೇ ನಮ್ಮ ಸೊನ್ನೆ ಜಗತ್ತಿನ ಸೊನ್ನೆಯಿಂದ ಎಷ್ಟು ಆಚೀಚೆ ಇದೆ ಅನ್ನೋ ಉತ್ತರ. 1909ರಲ್ಲಿ ಒಂಬತ್ತು ಬಂದರುಗಳನ್ನು ಬಲವಂತವಾಗಿ ಸೊನ್ನೆಯಲ್ಲಿ ಹಿಡಿದದ್ದರಿಂದ ಆ ಚೂರು ದೇಶಕ್ಕೆಲ್ಲ ಒಂದೇ ಇರಲ್ಲ, ಊರಿಂದ ಊರಿಗೆ ಬದಲಾಗುತ್ತದೆ. ಹಾಗಾಗಿ ದೆಹಲಿಯಲ್ಲೋ ಡೆಹ್ರಾಡೂನಿನಲ್ಲೋ ಕೂತು ಒಂದು ಅಂಕಿ ಘೋಷಿಸಿದರೆ ತಿಪ್ಪಸಂದ್ರಕ್ಕೆ ಉಪಯೋಗವಿಲ್ಲ. ತಿಪ್ಪಸಂದ್ರದ ಸುತ್ತ ಅಳೆಯಬೇಕು.

ಅಳೆಯೋರು ಯಾರು ಅಂದರೆ, ನಾವೇ ಯಾಕಾಗಬಾರದು? ರಾಜ್ಯದಲ್ಲಿ ಇಷ್ಟು ಇಂಜಿನಿಯರಿಂಗ್ ಕಾಲೇಜುಗಳಿವೆ. ಪ್ರತಿ ಸಿವಿಲ್ ವಿಭಾಗವೂ ಸರ್ವೆ ಕ್ಯಾಂಪಿಗೆ ಅಂತ ಮಕ್ಕಳನ್ನು ಯಾವುದೋ ಊರಿಗೆ ಕರೆದುಕೊಂಡು ಹೋಗಿ, ಹಿಂದಿನ ಬ್ಯಾಚು ಮಾಡಿದ್ದೇ ಕೆರೆ, ಅದೇ ರಸ್ತೆಯನ್ನು ಮತ್ತೆ ಅಳೆಸಿ, ವರದಿಯನ್ನು ಬೀರುವಿನಲ್ಲಿ ಇಡುತ್ತದೆ. ಅದರ ಬದಲು ಆ ಕ್ಯಾಂಪಿನಲ್ಲಿ ಹಳೇ ಬೆಂಚ್‌ಮಾರ್ಕ್ ಕಲ್ಲು ಹುಡುಕಿಸಲಿ, ಸಿಕ್ಕರೆ ಫೋಟೋ ತೆಗೆದು ಅದರ ಮೇಲೆ ಜಿಪಿಎಸ್ ಇಡಿಸಲಿ, ಅಂಕಿಗಳನ್ನು ಸರ್ವೆ ಆಫ್ ಇಂಡಿಯಾಗೆ ಕೊಡಲಿ. ಗುರುತ್ವ ಅಳೆಯುವ ಯಂತ್ರ ದುಬಾರಿ, ಅದು ವಿಜ್ಞಾನ ಸಂಸ್ಥೆಯಂಥವರ ಕೆಲಸವೇ ಇರಲಿ. ಆದರೆ ಕಲ್ಲು ಹುಡುಕಲು ಕಾಲು ಸಾಕು, ನಮ್ಮ ಹತ್ತಿರ ಕಾಲುಗಳಿಗೇನೂ ಬರ ಇಲ್ಲ. ಊರವರ ಸಹಾಯವೂ ಸಿಗುತ್ತದೆ. ತಿಪ್ಪಸಂದ್ರದ ಏರಿ ಮೇಲೆ ಸಿಕ್ಕ ಆ ಅಜ್ಜ, ಸರ್ವೆಯವರ ಗುರುತು ಇದ್ದ ಕಲ್ಲು ಎಲ್ಲಿತ್ತು, ಯಾವ ವರ್ಷ ಯಾರು ಅದನ್ನು ಮನೆ ಮೆಟ್ಟಿಲಿಗೆ ಹಾಕಿಕೊಂಡರು ಅನ್ನೋದನ್ನೂ ಹೇಳಿದ್ರು. ಮನೆ ಯಾರದು ಅಂತ ನಾವು ಬರೆಯಲ್ಲ.

ನಮ್ಮ ವಿಭಾಗಕ್ಕೆ ನಾವು ಕೊಟ್ಟಿರುವ ಮನವಿಯಲ್ಲಿ ಎರಡೇ ಸಾಲು ಇದೆ. ಈ ವರ್ಷದ ಕ್ಯಾಂಪನ್ನು ಮಾಗಡಿ-ತಿಪ್ಪಸಂದ್ರ ದಾರಿಯಲ್ಲಿ ಮಾಡಿ, ಹಳೆಯ ಬೆಂಚ್‌ಮಾರ್ಕ್‌ಗಳ ಪಟ್ಟಿ ತರಿಸಿಕೊಡಿ. ಫೀಲ್ಡ್ ಬುಕ್ಕಿನಲ್ಲಿ 'ಎತ್ತರ' ಅನ್ನೋ ಕಾಲಂ ಪಕ್ಕದಲ್ಲಿ 'ಯಾವ ಸೊನ್ನೆಯಿಂದ' ಅಂತ ಇನ್ನೊಂದು ಕಾಲಂ ಹಾಕಿ. ಎರಡನೆಯದಕ್ಕೆ ಒಪ್ಪಿಗೆ ಸಿಕ್ಕಿದೆ. ಕಾಲಂ ಎಳೆಯಲು ಸ್ಕೇಲು ಸಾಕು. ಮೊದಲನೆಯದಕ್ಕೆ ಬಸ್ಸು ಬೇಕು, ಉತ್ತರ ಇನ್ನೂ ಬಂದಿಲ್ಲ.